ಗರ್ಭನಿರೋಧಕ ವಿಧಾನಗಳನ್ನು ತಿಳಿಹೇಳುವುದು ಹೇಗೆ: ದಾದಿಯರಿಗೂ ಆಪ್ತಸಮಾಲೋಚಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಪುಟ್ಟ ಗರ್ಭನಿರೋಧಕ ಸಾಧನ, ಹಾಕಿಸಿಕೊಂಡು ಎರಡು ತಿಂಗಳಾದ ಮಹಿಳೆಯೊಬ್ಬರು ಹೊರರೋಗಿ ವಿಭಾಗಕ್ಕೆ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ "ಸಿಸ್ಟರ್, ಇದನ್ನು ತೆಗೆದುಬಿಡಿ" ಎನ್ನುತ್ತಾರೆ. ಐದು ದಿನಕ್ಕೆ ನಿಲ್ಲುತ್ತಿದ್ದ ಮುಟ್ಟು ಎಂಟು ದಿನ ಹೋಗುತ್ತಿದೆ, ಹೊಟ್ಟೆನೋವೂ ಹೆಚ್ಚಾಗಿದೆ, ಒಳಗೆ ಏನೋ ಕೆಟ್ಟಿದೆ ಎಂಬ ಭಯ ಅವರದು. ಪರೀಕ್ಷಿಸಿದರೆ ವಂಕಿ ಸರಿಯಾದ ಜಾಗದಲ್ಲೇ ಇದೆ, ಸೋಂಕಿನ ಸುಳಿವಿಲ್ಲ, ರಕ್ತಹೀನತೆಯೂ ಇಲ್ಲ. ತಾಮ್ರದ ವಂಕಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಹೀಗಾಗುವುದು ಸಾಮಾನ್ಯ ಎಂಬ ಒಂದು ವಾಕ್ಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಇತರ ಹತ್ತು ಮಾತುಗಳ ನಡುವೆ ಕಳೆದುಹೋಗಿತ್ತು. ವಂಕಿ ತನ್ನ ಕೆಲಸ ಮಾಡುತ್ತಿತ್ತು. ತಿಳಿಹೇಳಬೇಕಾದವರ ಕೆಲಸ ಅರ್ಧಕ್ಕೇ ನಿಂತಿತ್ತು.

ಗರ್ಭನಿರೋಧಕಗಳ ಪಟ್ಟಿಯನ್ನು ಒಪ್ಪಿಸುವುದು ಕಷ್ಟವಲ್ಲ. ಗೋಡೆಗೆ ಅಂಟಿಸಿದ ಚಿತ್ರಪಟವೂ ಆ ಕೆಲಸವನ್ನು ಮಾಡುತ್ತದೆ. ಮಾತ್ರೆ ಮರೆತ ರಾತ್ರಿಯಲ್ಲೋ, ಮುಟ್ಟು ಏರುಪೇರಾದ ಬೆಳಗ್ಗೆಯೋ, ಪಕ್ಕದಲ್ಲಿ ಕೇಳಲು ಯಾರೂ ಇಲ್ಲದಿರುವಾಗ ನಾವು ಹೇಳಿದ ಮಾತು ನೆನಪಿಗೆ ಬಂದು ಮುಂದೇನು ಮಾಡಬೇಕೆಂದು ತೋರಿಸಿದರೆ ಮಾತ್ರ ತಿಳಿಹೇಳಿದ್ದು ಸಾರ್ಥಕ. ಮುಂದೆ ವಿವರಿಸುವ ಹೆಜ್ಜೆಗಳೆಲ್ಲ ಆ ಕ್ಷಣವನ್ನು ಕಣ್ಣಮುಂದಿಟ್ಟುಕೊಂಡೇ ರೂಪಿಸಿದವು. ಇನ್ನೊಂದು ಮಾತು: ಗರ್ಭನಿರೋಧಕ ಕೇಳಿಕೊಂಡು ಬರುವವರು ಬಹುಪಾಲು ಆರೋಗ್ಯವಂತರೇ ಆಗಿರುತ್ತಾರೆ. ಆಸ್ಪತ್ರೆಯ ರೂಢಿಯಂತೆ ಅವರನ್ನು ಇಲ್ಲಿಯೂ ರೋಗಿಗಳೆಂದೇ ಕರೆದಿದ್ದೇನೆ, ಆದರೆ ಅವರೊಡನೆ ಮಾತನಾಡುವಾಗ ಆ ಪದವನ್ನು ಬಾಗಿಲಾಚೆ ಬಿಟ್ಟುಬರುವುದು ಒಳ್ಳೆಯದು.

ಮೊದಲ ಹೆಜ್ಜೆ: ಕೋಣೆ, ಸಾಮಗ್ರಿ ಮತ್ತು ನಮ್ಮ ಮನಸ್ಸು

ಬಾಗಿಲು ಮುಚ್ಚುವ ಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸಿಗದಿದ್ದರೆ ಪರದೆಯನ್ನಾದರೂ ಎಳೆದು, ಸರದಿಯಲ್ಲಿ ಕುಳಿತವರ ಕಿವಿಗೆ ಬೀಳದಷ್ಟು ದೂರದಲ್ಲಿ ಕೂತುಕೊಳ್ಳಬೇಕು. ಮೇಜಿನ ಆಚೀಚೆ ಎದುರುಬದುರಾಗಿ ಕೂರುವುದಕ್ಕಿಂತ ಮೇಜಿನ ಒಂದೇ ಮೂಲೆಯ ಎರಡು ಬದಿಗಳಲ್ಲಿ ಕೂತರೆ ಚಿತ್ರಗಳನ್ನು ಇಬ್ಬರೂ ನೇರವಾಗಿ ನೋಡಬಹುದು. ಜೊತೆಯಲ್ಲಿ ಗಂಡನೋ ಅತ್ತೆಯೋ ತಾಯಿಯೋ ಬಂದಿದ್ದರೆ ಅವರನ್ನು ಗೌರವದಿಂದಲೇ ಮಾತನಾಡಿಸಿ, ಆದರೆ ಸ್ವಲ್ಪ ಹೊತ್ತಾದರೂ ರೋಗಿಯೊಬ್ಬರನ್ನೇ ಕಾಣಬೇಕು. "ರಕ್ತದೊತ್ತಡ ನೋಡಬೇಕು, ಎರಡು ನಿಮಿಷ ಹೊರಗಿರಿ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ, ರಕ್ತದೊತ್ತಡವನ್ನು ನೋಡಬೇಕಾದದ್ದೂ ನಿಜವೇ.

ಸಾಮಗ್ರಿಗಳು ಹೆಚ್ಚು ಬೇಡ. ಗರ್ಭಕೋಶದ ಒಂದು ಮಾದರಿ ಅಥವಾ ದೊಡ್ಡ ಚಿತ್ರ, ಒಂದೊಂದು ವಿಧಾನದ ನಿಜವಾದ ನಮೂನೆ, ಕಾಂಡೋಮ್ ತೊಡಿಸಿ ತೋರಿಸಲು ಶಿಶ್ನದ ಮಾದರಿ, ಒಂದು ಕ್ಯಾಲೆಂಡರ್, ರಕ್ತದೊತ್ತಡದ ಉಪಕರಣ, ಇಷ್ಟಿದ್ದರೆ ಸಾಕು. ನಮೂನೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬೇಡಿ, ಕೈಗೆ ಕೊಡಿ. ವಂಕಿ ಎಂದರೆ ಅಂಗೈಯಗಲದ ಲೋಹದ ತುಂಡು ಎಂದುಕೊಂಡಿದ್ದವರು, ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯನ್ನು ಬೆರಳುಗಳ ನಡುವೆ ಹಿಡಿದು, ಅದರ ತೋಳುಗಳನ್ನು ಬಗ್ಗಿಸಿ ನೋಡಿದ ಮೇಲೆ ಅವರ ಮುಖವೇ ಸಡಿಲಗೊಳ್ಳುತ್ತದೆ. ಹತ್ತು ನಿಮಿಷದ ವಿವರಣೆಯಿಂದ ಆಗದ್ದು ಅಷ್ಟರಲ್ಲಿ ಆಗಿಬಿಡುತ್ತದೆ.

ಮನಸ್ಸಿನ ಸಿದ್ಧತೆ ಕಷ್ಟದ್ದು. ಮದುವೆಯಾಗದವರು, ಮಕ್ಕಳೇ ಬೇಡವೆನ್ನುವವರು, ಇನ್ನೂ ಒಂದು ಮಗು ಬೇಕೆನ್ನುವವರು, ಎಲ್ಲರೂ ಬರುತ್ತಾರೆ. ನಮ್ಮ ಅಭಿಪ್ರಾಯ ಹುಬ್ಬಿನ ಮೇಲೇ ಕಾಣಿಸಿಕೊಂಡರೆ ಅವರು ನಿಜ ಹೇಳುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. 1994ರಲ್ಲಿ ಕೈರೋದಲ್ಲಿ ನಡೆದ ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು, ಎಷ್ಟು ಮಕ್ಕಳು, ಯಾವಾಗ, ಎಷ್ಟು ಅಂತರದಲ್ಲಿ ಎಂಬುದನ್ನು ಸ್ವತಂತ್ರವಾಗಿ ನಿರ್ಧರಿಸುವುದು ದಂಪತಿಗಳ ಹಾಗೂ ವ್ಯಕ್ತಿಗಳ ಹಕ್ಕು ಎಂದು ಒತ್ತಿಹೇಳಿತು. ಗುರಿಸಂಖ್ಯೆ ತುಂಬಿಸುವ ಒತ್ತಡದಲ್ಲಿ ಕೆಲಸ ಮಾಡುವವರು ಈ ಮಾತನ್ನು ಆಗಾಗ ನೆನಪಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಮೊದಲು ಕೇಳಿಸಿಕೊಳ್ಳುವುದು

"ನಿಮಗೆ ಯಾವ ವಿಧಾನ ಬೇಕು?" ಎಂದು ಆರಂಭಿಸಿದರೆ, ಬಂದವರು ತಾವು ಕೇಳಿರುವ ಯಾವುದೋ ಒಂದು ಹೆಸರನ್ನು ಹೇಳಿ ಸುಮ್ಮನಾಗುತ್ತಾರೆ. ಅದರ ಬದಲು, "ಮಕ್ಕಳ ವಿಷಯದಲ್ಲಿ ಮುಂದೆ ಏನು ಅಂದುಕೊಂಡಿದ್ದೀರಿ?" ಎಂದು ಕೇಳಬೇಕು. ಒಂದು ವರ್ಷ ಬಿಟ್ಟು ಬೇಕು, ಐದು ವರ್ಷ ಬೇಡ, ಎಂದೆಂದಿಗೂ ಬೇಡ, ಇನ್ನೂ ಗೊತ್ತಿಲ್ಲ ಎಂಬ ನಾಲ್ಕು ಉತ್ತರಗಳು ನಾಲ್ಕು ಬೇರೆ ದಾರಿಗಳಿಗೆ ಒಯ್ಯುತ್ತವೆ. "ಇನ್ನೂ ಗೊತ್ತಿಲ್ಲ" ಎಂಬುದೂ ಪೂರ್ಣ ಉತ್ತರವೇ. ಹಾಗೆ ಹೇಳಿದವರಿಗೆ ಶಾಶ್ವತ ವಿಧಾನವನ್ನು ಸೂಚಿಸಬಾರದು ಎಂಬುದಂತೂ ಆಗಲೇ ಸ್ಪಷ್ಟವಾಗುತ್ತದೆ.

ಮುಂದಿನ ಪ್ರಶ್ನೆ: ಹಿಂದೆ ಏನನ್ನು ಬಳಸಿದ್ದಿರಿ, ಏಕೆ ಬಿಟ್ಟಿರಿ? ಆಮೇಲೆ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲಕೊಡುವ ಪ್ರಶ್ನೆ: ಇದರ ಬಗ್ಗೆ ಏನೇನು ಕೇಳಿದ್ದೀರಿ? ಮಾತ್ರೆ ನುಂಗಿದರೆ ಮುಂದೆ ಹೊಟ್ಟೆ ನಿಲ್ಲುವುದಿಲ್ಲವಂತೆ, ವಂಕಿ ಮೇಲಕ್ಕೆ ಹೋಗಿ ಎದೆಗೆ ಸಿಕ್ಕಿಕೊಳ್ಳುತ್ತದಂತೆ, ಗಂಡಸರಿಗೆ ಆಪರೇಷನ್ ಆದರೆ ಶಕ್ತಿ ಕುಂದುತ್ತದಂತೆ, ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದಂತೆ, ಹೀಗೆ ಹೊರಬರುವ "ಅಂತೆ"ಗಳನ್ನು ನಕ್ಕು ತಳ್ಳಿಹಾಕಬಾರದು. ಪ್ರತಿಯೊಂದರ ಹಿಂದೆಯೂ ಯಾರದೋ ಅನುಭವದ ಎಳೆಯೊಂದಿರುತ್ತದೆ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭಧಾರಣೆ ತಡವಾಗುವುದು ನಿಜ, ಆ ನಿಜವೇ ಬಾಯಿಂದ ಬಾಯಿಗೆ ಹೋಗಿ ಬಂಜೆತನದ ಭಯವಾಗಿರುತ್ತದೆ. ಎಳೆಯನ್ನು ಹಿಡಿದು ಬಿಡಿಸಿದರೆ ಭಯ ತಾನಾಗಿಯೇ ಸಡಿಲಾಗುತ್ತದೆ.

ಆರೋಗ್ಯದ ವಿವರಗಳಲ್ಲಿ ಇವನ್ನು ಬಿಡುವಂತಿಲ್ಲ: ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಹೆರಿಗೆ ಮತ್ತು ಗರ್ಭಪಾತಗಳು, ಈಗ ಮೊಲೆಹಾಲು ಕುಡಿಸುತ್ತಿದ್ದಾರೆಯೇ, ಧೂಮಪಾನ, ರಕ್ತದೊತ್ತಡ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಸ್ತನದ ಕ್ಯಾನ್ಸರ್, ಯಕೃತ್ತಿನ ಕಾಯಿಲೆ, ಮತ್ತು ಅರೆತಲೆನೋವು. ಅರೆತಲೆನೋವು ಇದೆ ಎಂದರೆ ಅಲ್ಲಿಗೇ ನಿಲ್ಲಿಸದೆ, ನೋವು ಶುರುವಾಗುವ ಮೊದಲು ಕಣ್ಣೆದುರು ಮಿಂಚಿದಂತೆ, ಅಂಕುಡೊಂಕು ಗೆರೆಗಳು ಓಡಿದಂತೆ ಕಾಣುತ್ತದೆಯೇ ಎಂದು ಕೇಳಬೇಕು. ಹಾಗಿದ್ದರೆ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಇರುವ ಯಾವ ವಿಧಾನವೂ ಸಲ್ಲದು, ಏಕೆಂದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಔಷಧಿಗಳನ್ನೂ ಹೆಸರು ಹಿಡಿದು ಕೇಳಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಮತ್ತು ಫೆನಿಟಾಯಿನ್ ಗರ್ಭನಿರೋಧಕ ಮಾತ್ರೆಗಳ ಬಲವನ್ನು ತಗ್ಗಿಸುತ್ತವೆ. ಸಾಮಾನ್ಯ ಆಂಟಿಬಯಾಟಿಕ್‌ಗಳು ತಗ್ಗಿಸುವುದಿಲ್ಲ.

ಒಬ್ಬರೇ ಇರುವಾಗ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: "ನೀವು ಇದನ್ನು ಬಳಸುವುದು ಮನೆಯಲ್ಲಿ ಗೊತ್ತಾದರೆ ತೊಂದರೆಯೇ?" ಹೌದೆಂದರೆ ಚೀಲದಲ್ಲಿ ಸಿಕ್ಕಿಬೀಳುವ ಮಾತ್ರೆಗಿಂತ ಚುಚ್ಚುಮದ್ದೋ ವಂಕಿಯೋ ಅವರಿಗೆ ಹೆಚ್ಚು ಸುರಕ್ಷಿತವಾಗಬಹುದು. ಹಿಂಸೆಯ ಸುಳಿವು ಸಿಕ್ಕರೆ ಗರ್ಭನಿರೋಧಕದ ಮಾತು ಪಕ್ಕಕ್ಕಿರಲಿ, ಅವರ ಸುರಕ್ಷತೆಯ ಮಾತು ಮೊದಲಾಗಲಿ.

ಮೂರನೆಯ ಹೆಜ್ಜೆ: ದೇಹದ ಕೆಲಸವನ್ನು ಮೂರು ವಾಕ್ಯಗಳಲ್ಲಿ ವಿವರಿಸುವುದು

ಅಂಗರಚನಾಶಾಸ್ತ್ರದ ಪಾಠ ಬೇಡ. ಅಂಡಾಶಯದಿಂದ ತಿಂಗಳಿಗೊಂದು ಅಂಡ ಹೊರಬಂದು ಅಂಡನಾಳದಲ್ಲಿ ವೀರ್ಯಾಣುವನ್ನು ಸೇರಿದರೆ ಭ್ರೂಣವಾಗುತ್ತದೆ, ಅದು ಗರ್ಭಕೋಶಕ್ಕೆ ಇಳಿದು ಗೋಡೆಗೆ ಅಂಟಿಕೊಂಡರೆ ಗರ್ಭ ನಿಲ್ಲುತ್ತದೆ, ಇಲ್ಲದಿದ್ದರೆ ಗೋಡೆಯ ಒಳಪದರ ಮುಟ್ಟಾಗಿ ಹೊರಬರುತ್ತದೆ. ಇಷ್ಟನ್ನು ಚಿತ್ರದ ಮೇಲೆ ಬೆರಳಾಡಿಸಿ ಹೇಳಿ. ಆಮೇಲೆ ಕ್ಯಾಲೆಂಡರ್ ತೆರೆದು, ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಅದು ಬದುಕಿರುವುದು ಹೆಚ್ಚೆಂದರೆ ಒಂದು ದಿನ, ಆದರೆ ವೀರ್ಯಾಣು 5 ದಿನದವರೆಗೂ ಬದುಕಬಲ್ಲದು ಎಂಬುದನ್ನು ದಿನಾಂಕಗಳ ಮೇಲೆ ಗುರುತು ಹಾಕಿ ತೋರಿಸಿ. ಮುಟ್ಟಾದ ತಕ್ಷಣದ ದಿನಗಳೇ ಅಪಾಯದ ದಿನಗಳೆಂದು ಹಲವರು ನಂಬಿರುತ್ತಾರೆ. ಗುರುತು ಹಾಕಿದ ಕ್ಯಾಲೆಂಡರ್ ನೋಡಿ ತಾವೇ ತಿದ್ದಿಕೊಳ್ಳುತ್ತಾರೆ.

ಈ ಹಂತದಲ್ಲೇ ಈಗಾಗಲೇ ಗರ್ಭ ನಿಂತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮುಟ್ಟು ಶುರುವಾಗಿ 7 ದಿನದೊಳಗಿದ್ದರೆ, ಕಳೆದ ಮುಟ್ಟಿನ ನಂತರ ಸಂಭೋಗವೇ ನಡೆದಿಲ್ಲದಿದ್ದರೆ, ಇನ್ನೊಂದು ವಿಧಾನವನ್ನು ತಪ್ಪದೆ ಬಳಸುತ್ತಿದ್ದರೆ, ಹೆರಿಗೆಯಾಗಿ 4 ವಾರದೊಳಗಿದ್ದರೆ, ಗರ್ಭಪಾತವಾಗಿ 7 ದಿನದೊಳಗಿದ್ದರೆ ಸಾಕಷ್ಟು ಧೈರ್ಯವಾಗಿ ಮುಂದುವರಿಯಬಹುದು. ಮುಟ್ಟಾದ ಮೇಲೆ ಬನ್ನಿ ಎಂದು ಕಾರಣವಿಲ್ಲದೆ ವಾಪಸು ಕಳಿಸಿದವರಲ್ಲಿ ಕೆಲವರು ಮುಂದಿನ ಸಲ ಬರುವುದು ಗರ್ಭಿಣಿಯರಾಗಿಯೇ.

ನಾಲ್ಕನೆಯ ಹೆಜ್ಜೆ: ವಿಧಾನಗಳನ್ನು ಹೋಲಿಸಿ ಹೇಳುವುದು

ಎಲ್ಲವನ್ನೂ ಎಲ್ಲರಿಗೂ ಹೇಳುವ ಅಗತ್ಯವಿಲ್ಲ. ಕೇಳಿಸಿಕೊಂಡದ್ದರ ಆಧಾರದ ಮೇಲೆ ಹೊಂದದವನ್ನು ಕಾರಣಸಹಿತ ಬದಿಗಿಟ್ಟು, ಉಳಿದ ಮೂರು ನಾಲ್ಕನ್ನು ವಿವರವಾಗಿ ಮುಂದಿಡಿ. ಬೇರೆ ಯಾವುದನ್ನಾದರೂ ಅವರೇ ಕೇಳಿದರೆ ಅದನ್ನೂ ಹೇಳಿ.

ಪರಿಣಾಮವನ್ನು ಶೇಕಡಾವಾರಿನಲ್ಲಿ ಹೇಳುವುದಕ್ಕಿಂತ ನೂರು ಜನರ ಲೆಕ್ಕದಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. ಏನನ್ನೂ ಬಳಸದೆ ಸಂಭೋಗ ನಡೆಸುವ 100 ಮಹಿಳೆಯರಲ್ಲಿ ಒಂದು ವರ್ಷದೊಳಗೆ ಸುಮಾರು 85 ಜನ ಗರ್ಭ ಧರಿಸುತ್ತಾರೆ. ಹೊರಗೆ ಸ್ಖಲಿಸುವ ಕ್ರಮವನ್ನು ನೆಚ್ಚಿಕೊಂಡವರಲ್ಲಿ ಸುಮಾರು 20, ಪುರುಷರ ಕಾಂಡೋಮ್ ಬಳಸುವವರಲ್ಲಿ 13, ಮಾತ್ರೆ ತೆಗೆದುಕೊಳ್ಳುವವರಲ್ಲಿ 7, ಮೂರು ತಿಂಗಳ ಚುಚ್ಚುಮದ್ದಿನವರಲ್ಲಿ 4, ವಂಕಿ, ತೋಳಿನ ಇಂಪ್ಲಾಂಟ್ ಅಥವಾ ಶಸ್ತ್ರಚಿಕಿತ್ಸೆಯವರಲ್ಲಿ ಒಬ್ಬರಿಗಿಂತ ಕಡಿಮೆ. ಇವು ಮರೆವು, ಆತುರ, ಅಸಡ್ಡೆ ಎಲ್ಲ ಸೇರಿದ ನಿತ್ಯಜೀವನದ ಲೆಕ್ಕ. ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರೆ ಆ 7 ಒಂದಕ್ಕಿಂತ ಕೆಳಗೆ ಇಳಿಯುತ್ತದೆ, ಪ್ರತಿಸಲವೂ ಸರಿಯಾಗಿ ತೊಟ್ಟರೆ ಕಾಂಡೋಮಿನ 13 ಎರಡಕ್ಕೆ ಇಳಿಯುತ್ತದೆ. ವಂಕಿಯ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದರಲ್ಲಿ ಮರೆಯುವುದಕ್ಕೆ ಏನೂ ಇಲ್ಲ. ಈ ವ್ಯತ್ಯಾಸ ಅರ್ಥವಾದವರು ತಮ್ಮ ದಿನಚರಿಯನ್ನು ತಾವೇ ಅಳೆದು ನೋಡತೊಡಗುತ್ತಾರೆ.

ವಂಕಿ. ತಾಮ್ರದ ವಂಕಿ ಹಾರ್ಮೋನಿಲ್ಲದೆ ಕೆಲಸ ಮಾಡುತ್ತದೆ. ತಾಮ್ರದ ಅಯಾನುಗಳು ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುವುದರಿಂದ ಅವು ಅಂಡವನ್ನು ಸೇರುವುದಿಲ್ಲ. ಕಾಪರ್-ಟಿ 380ಎ ಮಾದರಿಯದು 10 ವರ್ಷ ಕೆಲಸಕ್ಕೆ ಬರುತ್ತದೆ, ತೆಗೆಸಿದ ಕೂಡಲೇ ಗರ್ಭಧಾರಣೆಯ ಸಾಮರ್ಥ್ಯ ಮರಳುತ್ತದೆ. ಲೆವೊನಾರ್ಜೆಸ್ಟ್ರೆಲ್ ಸೂಸುವ ಹಾರ್ಮೋನ್ ವಂಕಿಯ ನಡೆ ಇದಕ್ಕೆ ವಿರುದ್ಧ: ಮೊದಲ ಕೆಲವು ತಿಂಗಳು ಆಗೀಗ ರಕ್ತದ ಕಲೆ ಕಾಣಿಸಿಕೊಂಡು, ಆಮೇಲೆ ಮುಟ್ಟು ಕಡಿಮೆಯಾಗುತ್ತಾ ಕೆಲವರಲ್ಲಿ ನಿಂತೇ ಹೋಗುತ್ತದೆ. ಹೆಚ್ಚು ರಕ್ತಸ್ರಾವದಿಂದ ಬಳಲುವವರಿಗೆ ಇದು ಔಷಧಿಯೂ ಹೌದು. ಯಾವ ವಂಕಿಯನ್ನು ಹಾಕಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಡದಿದ್ದರೆ, ಎರಡರ ಲಕ್ಷಣಗಳೂ ಬೆರೆತು ಅನಗತ್ಯ ಗಾಬರಿಗೆ ದಾರಿಯಾಗುತ್ತದೆ.

ಎದೆಗೆ ಹೋಗುತ್ತದೆ ಎಂಬ ಭಯಕ್ಕೆ ಗರ್ಭಕೋಶದ ಮಾದರಿಯೇ ಉತ್ತರ. ಅದು ಮುಷ್ಟಿಯಷ್ಟು ದೊಡ್ಡದಿರುವ ಮುಚ್ಚಿದ ಚೀಲ, ಅಲ್ಲಿಂದ ಎದೆಗೆ ದಾರಿಯಿಲ್ಲ ಎಂದು ತೋರಿಸಿ. ಹಾಗೆಂದು ಅಪಾಯವೇ ಇಲ್ಲ ಎನ್ನಬಾರದು: ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗುವುದು ಸಾವಿರದಲ್ಲಿ ಒಂದೆರಡು ಸಲ ಆಗುವಂಥದ್ದು, ಸೋಂಕಿನ ಸಾಧ್ಯತೆ ಮೊದಲ ಮೂರು ವಾರದಲ್ಲಿ ಸ್ವಲ್ಪ ಹೆಚ್ಚು, ಮತ್ತು ಮೊದಲ ಕೆಲವು ತಿಂಗಳಲ್ಲಿ ಕೆಲವರಿಗೆ ವಂಕಿ ತಾನಾಗಿಯೇ ಜಾರಿ ಹೊರಬರಬಹುದು. ವಂಕಿಯ ತುದಿಯಿಂದ ಯೋನಿಯೊಳಗೆ ಇಳಿಬಿದ್ದಿರುವ ದಾರ ಮೊದಲಿಗಿಂತ ಉದ್ದವೆನಿಸಿದರೆ, ಬೆರಳಿಗೆ ಸಿಗದಿದ್ದರೆ ಅಥವಾ ಗಟ್ಟಿ ತುದಿ ತಾಗಿದರೆ ಕಾಂಡೋಮ್ ಬಳಸುತ್ತಾ ಬೇಗ ಬಂದು ತೋರಿಸಬೇಕು.

ಇಂಪ್ಲಾಂಟ್. ಮೇಲ್ದೋಳಿನ ಒಳಬದಿಯ ಚರ್ಮದಡಿ ಇಡುವ ಕಡ್ಡಿ. ಒಂದು ಕಡ್ಡಿಯದು ಕನಿಷ್ಠ 3 ವರ್ಷ, ಲೆವೊನಾರ್ಜೆಸ್ಟ್ರೆಲಿನ ಎರಡು ಕಡ್ಡಿಯದು 5 ವರ್ಷ ಕೆಲಸ ಮಾಡುತ್ತದೆ. ಇದನ್ನು ತೆಗೆಸುವವರಲ್ಲಿ ಬಹಳ ಮಂದಿ ಹೇಳುವ ಕಾರಣ, ಯಾವಾಗ ಬರುತ್ತದೆಂದೇ ತಿಳಿಯದ ರಕ್ತಸ್ರಾವ. ಮೊದಲೇ ಹೇಳಿಡಬೇಕಾದ ಮಾತು ಅದೇ.

ಚುಚ್ಚುಮದ್ದು. ಮೂರು ತಿಂಗಳಿಗೊಮ್ಮೆ, ಅಂದರೆ 13 ವಾರಕ್ಕೊಮ್ಮೆ. ಮೊದಮೊದಲು ಮುಟ್ಟು ಅಡ್ಡಾದಿಡ್ಡಿಯಾಗಿ, ಒಂದು ವರ್ಷದ ಹೊತ್ತಿಗೆ ಬಹಳ ಜನರಲ್ಲಿ ನಿಲ್ಲುತ್ತದೆ. ಒಳಪದರವೇ ಬೆಳೆಯದಿರುವುದರಿಂದ ಹೊರಬರುವುದಕ್ಕೆ ಏನೂ ಇರುವುದಿಲ್ಲ, ಒಳಗೆ ರಕ್ತ ಕೂಡಿಕೊಳ್ಳುತ್ತಿಲ್ಲ ಎಂದು ಬಿಡಿಸಿ ಹೇಳಿ. ತೂಕ ಕೊಂಚ ಏರಬಹುದು. ಮೂಳೆಯ ಸಾಂದ್ರತೆ ಬಳಸುವಷ್ಟು ದಿನ ಸ್ವಲ್ಪ ಇಳಿದು, ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳುತ್ತದೆ. ನಿಲ್ಲಿಸಿದ ನಂತರ ಗರ್ಭ ನಿಲ್ಲಲು ಸರಾಸರಿ ಒಂಬತ್ತು ಹತ್ತು ತಿಂಗಳು ಬೇಕಾಗುವುದರಿಂದ, ಬರುವ ವರ್ಷವೇ ಮಗು ಬೇಕೆನ್ನುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ.

ನುಂಗುವ ಮಾತ್ರೆ. ಇಲ್ಲಿ ಹೆಚ್ಚು ಸಮಯ ಕೊಡಿ, ಏಕೆಂದರೆ ಪರಿಣಾಮವೆಲ್ಲ ಬಳಸುವವರ ಕೈಯಲ್ಲಿದೆ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನುಗಳಿರುವ ಸಂಯುಕ್ತ ಮಾತ್ರೆ ಅಂಡ ಹೊರಬರುವುದನ್ನೇ ತಡೆಯುತ್ತದೆ. ಮುಟ್ಟಾದ 5 ದಿನದೊಳಗೆ ಆರಂಭಿಸಿದರೆ ಅಂದಿನಿಂದಲೇ ರಕ್ಷಣೆ. ಬೇರೆ ದಿನ ಆರಂಭಿಸಿದರೆ 7 ದಿನ ಕಾಂಡೋಮ್ ಜೊತೆಗಿರಬೇಕು. 35 ದಾಟಿದ ಧೂಮಪಾನಿಗಳು, 140/90 ಅಥವಾ ಅದಕ್ಕಿಂತ ಹೆಚ್ಚು ರಕ್ತದೊತ್ತಡ ಇರುವವರು, ರಕ್ತ ಹೆಪ್ಪುಗಟ್ಟಿದ ಇತಿಹಾಸವುಳ್ಳವರು, ಹೆರಿಗೆಯಾಗಿ ಮೂರು ವಾರ ತುಂಬದವರು ಇದನ್ನು ತೆಗೆದುಕೊಳ್ಳಬಾರದು. ಹೆಪ್ಪುಗಟ್ಟುವ ಅಪಾಯವನ್ನು ಮುಚ್ಚಿಡದೆ ಸಂಖ್ಯೆಯಲ್ಲೇ ಹೇಳಿ: ಮಾತ್ರೆ ಬಳಸದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಹೀಗಾದರೆ, ಬಳಸುವವರಲ್ಲಿ ಪ್ರೊಜೆಸ್ಟಿನ್ ಯಾವುದೆಂಬುದರ ಮೇಲೆ 5ರಿಂದ 12 ಜನರಿಗೆ ಆಗುತ್ತದೆ, ಬಸಿರು ಬಾಣಂತನದಲ್ಲಿ ಈ ಅಪಾಯ ಅದಕ್ಕಿಂತಲೂ ಹೆಚ್ಚು. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರುಗಳ ಸಾಧ್ಯತೆಯನ್ನು ಈ ಮಾತ್ರೆ ತಗ್ಗಿಸುತ್ತದೆ ಎಂಬುದನ್ನೂ ಹೇಳುವುದು ನ್ಯಾಯ.

ಮಾತ್ರೆ ಮರೆತಾಗ ಏನು ಮಾಡಬೇಕೆಂಬುದನ್ನು ಪೊಟ್ಟಣವನ್ನು ಅವರ ಕೈಯಲ್ಲಿಟ್ಟೇ ಕಲಿಸಬೇಕು. ಒಂದು ಮರೆತಿದ್ದರೆ, ನೆನಪಾದ ಕೂಡಲೇ ಅದನ್ನು ನುಂಗಿ, ಮುಂದಿನದನ್ನು ಎಂದಿನ ವೇಳೆಗೆ ನುಂಗಬೇಕು. ಒಂದೇ ದಿನ ಎರಡಾದರೂ ತೊಂದರೆಯಿಲ್ಲ. ಸತತವಾಗಿ ಎರಡು ಅಥವಾ ಹೆಚ್ಚು ಮರೆತಿದ್ದರೆ, ಕೊನೆಯದಾಗಿ ತಪ್ಪಿದ ಒಂದನ್ನು ಮಾತ್ರ ನುಂಗಿ, ಅದಕ್ಕೂ ಹಿಂದಿನವನ್ನು ಬಿಟ್ಟು, ದಿನಕ್ಕೊಂದರಂತೆ ಮುಂದುವರಿಸುತ್ತಾ, ಸತತ 7 ಮಾತ್ರೆ ಮುಗಿಯುವವರೆಗೆ ಕಾಂಡೋಮ್ ಬಳಸಬೇಕು. ಹೀಗೆ ತಪ್ಪಿದ್ದು ಮೂರನೆಯ ವಾರದಲ್ಲಾದರೆ ಹಾರ್ಮೋನಿಲ್ಲದ ಏಳು ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಪೊಟ್ಟಣ ಶುರುಮಾಡಬೇಕು. ತಪ್ಪಿದ್ದು ಮೊದಲ ವಾರದಲ್ಲಾಗಿ ಸಂಭೋಗವೂ ನಡೆದಿದ್ದರೆ ತುರ್ತು ಗರ್ಭನಿರೋಧಕದ ಯೋಚನೆ ಮಾಡಬೇಕು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು.

ಮೊಲೆಯುಣಿಸುವವರಿಗೆ ಪ್ರೊಜೆಸ್ಟಿನ್ ಮಾತ್ರವೇ ಇರುವ ಮಾತ್ರೆ ಹೊಂದುತ್ತದೆ. ಅದರಲ್ಲಿ ವೇಳೆಯ ಕಟ್ಟುನಿಟ್ಟು ಹೆಚ್ಚು: ಹಳೆಯ ಬಗೆಯವಕ್ಕೆ 3 ಗಂಟೆಯ ವಿಳಂಬವೇ ಹೆಚ್ಚಾಯಿತು, ಡೆಸೊಜೆಸ್ಟ್ರೆಲ್ ಮಾತ್ರೆಗೆ 12 ಗಂಟೆಯವರೆಗೆ ಅವಕಾಶವಿದೆ.

ಕಾಂಡೋಮ್. ಲೈಂಗಿಕ ಸೋಂಕುಗಳಿಂದಲೂ ಕಾಪಾಡುವುದು ಪುರುಷರ ಮತ್ತು ಮಹಿಳೆಯರ ಕಾಂಡೋಮ್ ಮಾತ್ರ, ಹಾಗಾಗಿ ಬೇರೆ ವಿಧಾನ ಆರಿಸಿಕೊಂಡವರಿಗೂ ಇದನ್ನು ಹೇಳಬೇಕು. ಹೆಬ್ಬೆರಳಿಗೆ ತೊಡಿಸಿ ತೋರಿಸುವ ನಾಚಿಕೆಯ ಅಡ್ಡದಾರಿ ಬೇಡ. ಮಾದರಿಯ ಮೇಲೆ ಒಮ್ಮೆ ತೋರಿಸಿ, ಆಮೇಲೆ ಅವರಿಂದಲೇ ಮಾಡಿಸಿ. ದಿನಾಂಕ ನೋಡುವುದು, ಹಲ್ಲಿನಿಂದ ಹರಿಯದಿರುವುದು, ತುದಿಯನ್ನು ಒತ್ತಿ ಗಾಳಿ ತೆಗೆದು ಬುಡದವರೆಗೆ ಬಿಡಿಸುವುದು, ಸ್ಖಲನವಾದ ಮೇಲೆ ಬಿಗುವು ಇಳಿಯುವ ಮುನ್ನ ಬುಡ ಹಿಡಿದು ಹೊರತೆಗೆಯುವುದು, ಇವುಗಳಲ್ಲಿ ಕೊನೆಯದನ್ನೇ ಹೆಚ್ಚು ಜನ ತಪ್ಪುತ್ತಾರೆ. ಎಣ್ಣೆ, ವ್ಯಾಸಲಿನ್ ಸವರಿದರೆ ಲೇಟೆಕ್ಸ್ ಹರಿಯುತ್ತದೆ. ಒಂದರ ಮೇಲೊಂದು ಎರಡು ತೊಟ್ಟರೆ ರಕ್ಷಣೆ ಹೆಚ್ಚುವುದಿಲ್ಲ, ಉಜ್ಜಾಟದಿಂದ ಹರಿಯಬಹುದು.

ಶಸ್ತ್ರಚಿಕಿತ್ಸೆ. ಮಹಿಳೆಯರದಾಗಲಿ ಪುರುಷರದಾಗಲಿ, ಶಾಶ್ವತ ಎಂದೇ ಹೇಳಬೇಕು. ಮತ್ತೆ ಜೋಡಿಸಬಹುದು ಎಂಬ ಆಸೆ ಹುಟ್ಟಿಸಬಾರದು. ಪುರುಷರ ಶಸ್ತ್ರಚಿಕಿತ್ಸೆ ಎರಡರಲ್ಲಿ ಹೆಚ್ಚು ಸರಳ, ಹೆಚ್ಚು ಸುರಕ್ಷಿತ. ಇಲ್ಲಿ ವೀರ್ಯನಾಳವನ್ನಷ್ಟೇ ಕತ್ತರಿಸುವುದು, ವೃಷಣಗಳನ್ನು ಮುಟ್ಟುವುದಿಲ್ಲ, ಟೆಸ್ಟೋಸ್ಟೆರೋನ್ ಮೊದಲಿನಂತೆಯೇ ರಕ್ತಕ್ಕೆ ಸೇರುತ್ತದೆ, ಸ್ಖಲನದ ಪ್ರಮಾಣದಲ್ಲೂ ಗಮನಕ್ಕೆ ಬರುವಷ್ಟು ಬದಲಾವಣೆ ಇರುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣುಗಳು ಖಾಲಿಯಾಗಲು 3 ತಿಂಗಳು ಬೇಕು; ವೀರ್ಯ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಬೇರೆ ವಿಧಾನವನ್ನು ಬಿಡುವಂತಿಲ್ಲ. ಹೆಂಡತಿ ಗರ್ಭಿಣಿಯಾಗಿ ಮನೆಯಲ್ಲಿ ಅನುಮಾನದ ಹೊಗೆಯೇಳುವುದು ಎಷ್ಟೋ ಸಲ ಈ ಒಂದು ಮಾತು ತಪ್ಪಿದ್ದರಿಂದ.

ನೈಸರ್ಗಿಕ ಕ್ರಮಗಳು. ಋತುಚಕ್ರ 26ರಿಂದ 32 ದಿನಗಳೊಳಗೆ ಕ್ರಮವಾಗಿದ್ದವರು 8ರಿಂದ 19ನೆಯ ದಿನದವರೆಗೆ ಸಂಭೋಗ ಬಿಡುವ ಲೆಕ್ಕವನ್ನು ಅನುಸರಿಸಬಹುದು. ಚಕ್ರ ಏರುಪೇರಾಗಿರುವವರಿಗೆ ಅದು ನಡೆಯುವುದಿಲ್ಲ. ಮೊಲೆಹಾಲಿನ ಕ್ರಮಕ್ಕೆ ಮೂರು ಷರತ್ತುಗಳು ಒಟ್ಟಿಗೇ ಇರಬೇಕು: ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲಿರುಳು ಮೊಲೆಹಾಲನ್ನೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ಬೇರೆ ವಿಧಾನ ಬೇಕು.

ಐದನೆಯ ಹೆಜ್ಜೆ: ತುರ್ತಿನ ದಾರಿಯನ್ನು ಮೊದಲೇ ತೋರಿಸಿಡುವುದು

ಕಾಂಡೋಮ್ ಹರಿದಾಗ, ಮಾತ್ರೆ ತಪ್ಪಿದಾಗ, ಬಲಾತ್ಕಾರ ನಡೆದಾಗ ಏನು ಮಾಡಬೇಕೆಂಬುದು ಆ ಹೊತ್ತಿಗಿಂತ ಮುಂಚೆಯೇ ತಿಳಿದಿರಬೇಕು. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆಯನ್ನು 72 ಗಂಟೆಯೊಳಗೆ, ಬೇಗ ನುಂಗಿದಷ್ಟೂ ಒಳ್ಳೆಯದು. ಯುಲಿಪ್ರಿಸ್ಟಲ್ 30 ಮಿಲಿಗ್ರಾಂ 120 ಗಂಟೆಯವರೆಗೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು 5 ದಿನದೊಳಗೆ ತಾಮ್ರದ ವಂಕಿ ಹಾಕಿಸಿಕೊಳ್ಳುವುದು, ಮುಂದಿನ ವರ್ಷಗಳಿಗೂ ಅದೇ ಆಗುತ್ತದೆ. ಈ ಮಾತ್ರೆಗಳು ಅಂಡ ಹೊರಬರುವುದನ್ನು ಮುಂದೂಡುತ್ತವೆ, ನಿಂತ ಗರ್ಭವನ್ನು ಇಳಿಸುವುದಿಲ್ಲ. ನುಂಗಿದ ಮೇಲೆ ಅದೇ ತಿಂಗಳಲ್ಲಿ ಮತ್ತೆ ನಡೆಯುವ ಸಂಭೋಗಕ್ಕೆ ಇವುಗಳಿಂದ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ಮಾತ್ರ ಎರಡು ಸಲ ಹೇಳಿ. ಮೂರು ವಾರದೊಳಗೆ ಮುಟ್ಟಾಗದಿದ್ದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು.

ಆರನೆಯ ಹೆಜ್ಜೆ: ಅದೇ ಕುರ್ಚಿಯಲ್ಲಿ ಕೂತಿರುವಾಗ ಉಳಿದ ಆರೋಗ್ಯದ ಮಾತು

ಗರ್ಭನಿರೋಧಕಕ್ಕಾಗಿ ಬಂದವರು ಇನ್ನೊಂದಕ್ಕಾಗಿ ಮತ್ತೆ ಬರುತ್ತಾರೆಂಬ ಖಾತರಿಯಿಲ್ಲ. ಬಿಳಿಸೆರಗು ಎಲ್ಲರಿಗೂ ಸ್ವಲ್ಪ ಇರುವಂಥದ್ದೇ. ವಾಸನೆ, ತುರಿಕೆ, ಬಣ್ಣ, ಕೆಳಹೊಟ್ಟೆಯ ನೋವು ಸೇರಿದರೆ ಪರೀಕ್ಷೆ ಬೇಕು, ಸಂಗಾತಿಗೂ ಚಿಕಿತ್ಸೆ ಬೇಕಾಗಬಹುದು. ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯನ್ನು 30 ವರ್ಷದಿಂದ, ಎಚ್‌ಐವಿ ಇರುವವರಿಗೆ 25ರಿಂದ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಲಸಿಕೆಗೆ ತಕ್ಕ ವಯಸ್ಸು 9ರಿಂದ 14. ಮಗು ಬೇಕೆಂದು ವಿಧಾನ ನಿಲ್ಲಿಸುವವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಲು ಹೇಳಿ.

ಹೆರಿಗೆಯ ನಂತರದ ಗರ್ಭನಿರೋಧಕದ ಮಾತನ್ನು ಬಸಿರಿನಲ್ಲೇ ಆರಂಭಿಸಿದರೆ ಅನುಕೂಲ. ಮೊಲೆಯುಣಿಸದವರಿಗೆ ನಾಲ್ಕು ವಾರಕ್ಕೇ ಅಂಡ ಹೊರಬರಬಹುದು, ಅಂದರೆ ಮುಟ್ಟಾಗುವ ಮೊದಲೇ ಮತ್ತೆ ಬಸಿರಾಗಬಹುದು. ವಂಕಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ 4 ವಾರದ ನಂತರ ಹಾಕಬಹುದು. ಹೆರಿಗೆಯಿಂದ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರ ತಾಯಿಗೂ ಮಗುವಿಗೂ ಒಳಿತು. ಹದಿಹರೆಯದವರಿಗೆ ವಯಸ್ಸೊಂದೇ ಕಾರಣವಾಗಿ ಯಾವ ತಾತ್ಕಾಲಿಕ ವಿಧಾನವೂ ನಿಷಿದ್ಧವಲ್ಲ. ನಲವತ್ತು ದಾಟಿದವರು ಮುಟ್ಟು ಹಿಂದುಮುಂದಾದ ಮಾತ್ರಕ್ಕೆ ವಿಧಾನ ಬಿಡಬಾರದು. ಬಿಡುವ ಮೊದಲು, 50 ದಾಟಿದವರಿಗೆ ಮುಟ್ಟು ನಿಂತು ಒಂದು ವರ್ಷ, ಅದಕ್ಕಿಂತ ಮೊದಲೇ ನಿಂತವರಿಗೆ ಎರಡು ವರ್ಷ ಕಳೆಯಬೇಕು.

ಏಳನೆಯ ಹೆಜ್ಜೆ: ಹೇಳಿದ್ದನ್ನು ಅವರ ಬಾಯಲ್ಲಿ ಕೇಳುವುದು

"ಅರ್ಥವಾಯಿತೇ?" ಎಂಬ ಪ್ರಶ್ನೆಗೆ "ಆಯಿತು" ಎನ್ನದವರನ್ನು ನಾನು ಕಂಡಿಲ್ಲ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋದ ಮೇಲೆ ಎರಡು ದಿನ ಮಾತ್ರೆ ಮರೆತಿರಿ ಅಂದುಕೊಳ್ಳಿ, ಏನು ಮಾಡುತ್ತೀರಿ?" ಎಂದು ಕೇಳಿದರೆ ಪರೀಕ್ಷೆ ನಮ್ಮದಾಗುತ್ತದೆ, ಅವರಿಗೆ ಸಂಕೋಚವಿರುವುದಿಲ್ಲ. ಒಬ್ಬರು ಪೊಟ್ಟಣ ತಿರುಗಿಸುತ್ತಾ, "ಮರೆತಿದ್ದು ಎರಡನ್ನೂ ಒಟ್ಟಿಗೆ ನುಂಗಿ, ಇವತ್ತಿನದನ್ನೂ ನುಂಗುತ್ತೇನೆ" ಎನ್ನುತ್ತಾರೆ. ತಪ್ಪೆಂದು ಹೇಳದೆ, "ಅದನ್ನು ನಾನು ಸ್ಪಷ್ಟಪಡಿಸಲಿಲ್ಲ" ಎಂದು ಆ ಒಂದೇ ಅಂಶವನ್ನು ಮತ್ತೆ ತೋರಿಸಿ, ಮತ್ತೆ ಕೇಳಿ. ಎರಡನೆಯ ಸಲ ಅವರು ಬೆರಳಿಟ್ಟು, "ಇದನ್ನು ಬಿಟ್ಟೆ, ಇದನ್ನು ಈಗ ನುಂಗಿದೆ, ಇಲ್ಲಿಂದ ಏಳು ಎಣಿಸುವವರೆಗೆ ಅವರಿಗೆ ಕಾಂಡೋಮ್" ಎಂದರೆ ಅಲ್ಲಿಗೆ ಕಲಿತಂತಾಯಿತು.

ಎಲ್ಲವನ್ನೂ ಹೀಗೆ ಕೇಳುವಷ್ಟು ಸಮಯ ಸಿಗುವುದಿಲ್ಲ. ಮೂರನ್ನು ಬಿಡಬೇಡಿ: ಹೇಗೆ ಬಳಸುವುದು, ಯಾವ ಬದಲಾವಣೆಗೆ ಹೆದರಬೇಕಿಲ್ಲ, ಯಾವುದಕ್ಕೆ ತಕ್ಷಣ ಓಡಿ ಬರಬೇಕು. ಸಂಯುಕ್ತ ಮಾತ್ರೆಯವರಿಗೆ ಆ ಕೊನೆಯದು ಹೀಗಿದೆ: ತೀವ್ರ ಹೊಟ್ಟೆನೋವು, ಎದೆನೋವು ಅಥವಾ ಉಸಿರಾಟದ ತೊಂದರೆ, ಹಿಂದೆಂದೂ ಇಲ್ಲದಂಥ ತಲೆನೋವು, ದೃಷ್ಟಿ ಮಂಜಾಗುವುದು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು. ವಂಕಿಯವರಿಗೆ ಜ್ವರದೊಡನೆ ಕೆಳಹೊಟ್ಟೆಯ ನೋವು, ಮುಟ್ಟು ತಪ್ಪುವುದು, ದಾರ ಸಿಗದಿರುವುದು.

ಎಂಟನೆಯ ಹೆಜ್ಜೆ: ಮರುಭೇಟಿ

ಮರುಭೇಟಿಯಲ್ಲಿ "ಎಲ್ಲ ಸರಿಯಿದೆಯೇ?" ಎಂದು ಕೇಳುವ ಬದಲು "ಮುಟ್ಟಿನಲ್ಲಿ ಏನು ಬದಲಾಗಿದೆ, ಎಷ್ಟು ಮಾತ್ರೆ ತಪ್ಪಿತು, ಇದನ್ನೇ ಮುಂದುವರಿಸುವ ಮನಸ್ಸಿದೆಯೇ?" ಎಂದು ಕೇಳಿ. ತಾಮ್ರದ ವಂಕಿಯಿಂದ ರಕ್ತಸ್ರಾವ ಹೆಚ್ಚಾಗಿದ್ದರೆ ಮುಟ್ಟಿನ ದಿನಗಳಲ್ಲಿ ಐಬುಪ್ರೊಫೆನ್ ಬಹಳ ಮಂದಿಗೆ ಸಮಾಧಾನ ಕೊಡುತ್ತದೆ. ವೈದ್ಯರ ಸಲಹೆಯಂತೆ ಅದನ್ನು ಕೊಟ್ಟು, ರಕ್ತಹೀನತೆ ಪರೀಕ್ಷಿಸಿ, ಇನ್ನೆರಡು ತಿಂಗಳು ನೋಡುವಿರಾ ಎಂದು ಕೇಳಬಹುದು.

ಅದಕ್ಕೆ ಅವರು ಬೇಡವೆಂದರೆ ವಾದಿಸದೆ ಅಂದೇ ತೆಗೆದುಕೊಡಬೇಕು. ತೆಗೆಯುವ ಮುನ್ನ ಒಂದನ್ನು ಕೇಳಿಕೊಳ್ಳಿ: ಕಳೆದ 5 ದಿನಗಳಲ್ಲಿ ಸಂಭೋಗ ನಡೆದಿದೆಯೇ? ನಡೆದಿದ್ದರೆ, ಒಳಗೆ ಬದುಕಿರಬಹುದಾದ ವೀರ್ಯಾಣುಗಳಿಗೆ ತಡೆಯಿಲ್ಲದಂತಾಗುತ್ತದೆ ಎಂಬುದನ್ನು ತಿಳಿಸಿ, ಬೇರೆ ವಿಧಾನವನ್ನು ಏಳು ದಿನ ಮೊದಲೇ ಆರಂಭಿಸಿ ಆಮೇಲೆ ತೆಗೆಸಿಕೊಳ್ಳಬಹುದು ಎಂಬ ಆಯ್ಕೆಯನ್ನೂ ಮುಂದಿಡಿ. ಇಂದೇ ಆಗಬೇಕೆಂದರೆ ಇಂದೇ ತೆಗೆದು, ಮುಂದಿನ ವಿಧಾನವನ್ನು ಅವರ ಕೈಗಿತ್ತು, ಚೀಟಿಯಲ್ಲಿ ದಿನಾಂಕ ಬರೆದು ಕಳಿಸಿ.